ಇಪ್ಪತ್ತು ಉಗುರಿನ ಆಮೆ ಸಿಕ್ಕರೆ ಲಕ್ಷಾಧೀಶರಾಗಬಹುದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಈ ಬೇಸಿಗೆಯಲ್ಲಿ ತಿಪಟೂರು ಕಡೆಯ ನಮ್ಮ ಚಿಕ್ಕಪ್ಪನ ತೆಂಗಿನ ತೋಟದಲ್ಲಿ ಬದು ಸರಿ ಮಾಡುವಾಗ ಮಣ್ಣಿನೊಳಗೆ ಒಂದು ಆಮೆ ಸಿಕ್ಕಿತು. ಸಂಜೆಯೊಳಗೆ ಅದರ ಫೋಟೊ ಊರಿನ ವಾಟ್ಸಾಪ್ ಗ್ರೂಪಿಗೆ ಬಂತು. ಬಂದ ಮೊದಲ ಉತ್ತರ: "ಉಗುರು ಎಣಿಸಿ. ಇಪ್ಪತ್ತಿದ್ದರೆ ಲಕ್ಷಗಟ್ಟಲೆ ಕೊಡುವವರಿದ್ದಾರೆ." ಅದರ ಬೆನ್ನಿಗೇ ಹಳೆಯ ಫಾರ್ವರ್ಡ್ ಒಂದು ಬಂತು. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಸಾಲ ತೀರುತ್ತದಂತೆ, ವ್ಯಾಪಾರ ಕುದುರುತ್ತದಂತೆ.

ಕೊಬ್ಬರಿ ದರ ಬಿದ್ದ ಕಾಲದಲ್ಲಿ ಇಂಥದ್ದನ್ನು ಓದಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಚಿಕ್ಕಪ್ಪ ಫೋನ್ ಮಾಡಿ, "ಇದೆಲ್ಲಾ ನಿಜಾನೇನಮ್ಮ?" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ತೋಟದ ಮಣ್ಣಿನಲ್ಲಿ ಆಮೆ ಬಂದದ್ದು ಹೇಗೆ?

ಅದು ಪವಾಡವಲ್ಲ. ಫೋಟೊದಲ್ಲಿದ್ದದ್ದು ನಮ್ಮ ಕೆರೆ, ಕಟ್ಟೆ, ಗದ್ದೆಗಳಲ್ಲಿ ಇರುವ ಮೆತ್ತನೆ ಚಿಪ್ಪಿನ ಕೆರೆ ಆಮೆ. ನೀರು ಬತ್ತಿದಾಗ ಇದು ಮಣ್ಣಿನೊಳಗೆ ಹುದುಗಿ, ದೇಹದ ಕೆಲಸವನ್ನೆಲ್ಲ ನಿಧಾನ ಮಾಡಿಕೊಂಡು ಮಳೆಗೆ ಕಾಯುತ್ತದೆ. ತಲೆ, ಕಾಲು ಒಳಗೆಳೆದುಕೊಂಡ ಮೇಲೆ ಹಿಂಗಾಲಿನ ಜಾಗವನ್ನು ಮುಚ್ಚಲು ಇದರ ಹೊಟ್ಟೆಯ ಕಡೆ ಮುಚ್ಚಳದಂಥ ಎರಡು ಮಡಿಕೆಗಳಿವೆ. ಬಸವನಹುಳು, ಮೀನು, ಕಪ್ಪೆಗಳ ಜೊತೆಗೆ ಸತ್ತ ಪ್ರಾಣಿಗಳನ್ನೂ ತಿಂದು ಕೆರೆಯನ್ನು ಚೊಕ್ಕಟವಾಗಿಡುತ್ತದೆ.

ಉಗುರಿನ ಲೆಕ್ಕ ಏನು?

ಕೆರೆ ಆಮೆಗೆ ಒಂದೊಂದು ಕಾಲಿಗೆ ಮೂರು ಉಗುರು, ಒಟ್ಟು 12. ನಕ್ಷತ್ರ ಆಮೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ಒಂದೆರಡು ಹೆಚ್ಚಿದ್ದರೂ ಅದು ಮನುಷ್ಯರಿಗೆ ಆರನೇ ಬೆರಳು ಇದ್ದ ಹಾಗೆ. ಅದರಲ್ಲಿ ನಿಧಿಯೂ ಇಲ್ಲ, ಔಷಧಿಯೂ ಇಲ್ಲ.

ನಕ್ಷತ್ರ ಆಮೆಯ ವಿಶೇಷ ಏನು?

ವಿಶೇಷ ಇದೆ, ಆದರೆ ಫಾರ್ವರ್ಡ್ ಹೇಳುವಂಥದ್ದಲ್ಲ. ಇದು ಒಣ ಹುಲ್ಲುಗಾವಲು, ಕುರುಚಲು ಕಾಡಿನ ಪ್ರಾಣಿ. ಚಿಪ್ಪಿನ ಮೇಲಿನ ಹಳದಿ ಗೆರೆಗಳು ಹುಲ್ಲಿನ ನಡುವೆ ಅದನ್ನು ಮರೆಮಾಡುತ್ತವೆ. 2008ರಲ್ಲಿ ಹಂಗೇರಿಯ ಗಾಬೊರ್ ಡೊಮೊಕೋಶ್ ಮತ್ತು ಪೀಟರ್ ವಾರ್ಕೊನಿ ಆಮೆ ಚಿಪ್ಪುಗಳ ಆಕಾರವನ್ನು ಗಣಿತದಿಂದ ಅಳೆದು ಅಧ್ಯಯನ ಪ್ರಕಟಿಸಿದರು. ನಕ್ಷತ್ರ ಆಮೆಯಂತೆ ಗುಮ್ಮಟದ ಹಾಗೆ ಎತ್ತರವಾದ ಚಿಪ್ಪು ಇರುವ ಆಮೆಗಳು ಅಂಗಾತ ಬಿದ್ದರೂ ಸುಲಭವಾಗಿ ಮಗುಚಿಕೊಳ್ಳುತ್ತವೆ. ಎದ್ದು ನಿಲ್ಲುವ ಅರ್ಧ ಕೆಲಸವನ್ನು ಚಿಪ್ಪಿನ ಆಕಾರವೇ ಮಾಡುತ್ತದೆ.

ಚಿಪ್ಪು ಆಮೆ ಹೊತ್ತ ಮನೆಯಲ್ಲ, ಅದರ ದೇಹ. ಬೆನ್ನುಮೂಳೆ, ಪಕ್ಕೆಲುಬು ಅದಕ್ಕೇ ಬೆಸೆದುಕೊಂಡಿವೆ. ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ. ತೂತು ಕೊರೆದರೆ ನೋವಾಗುತ್ತದೆ.

ಮನೆಯಲ್ಲಿ, ಬಾವಿಯಲ್ಲಿ ಬಿಟ್ಟರೆ?

ನಕ್ಷತ್ರ ಆಮೆಗೆ ಈಜು ಬರುವುದಿಲ್ಲ, ಬಾವಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಕೆರೆ ಆಮೆ ಈಜುತ್ತದೆ, ಆದರೆ ಬಾವಿಯ ಕಡಿದಾದ ಗೋಡೆ ಹತ್ತಿ ಹೊರಗೆ ಬಂದು ಮೊಟ್ಟೆ ಇಡಲಾರದು. ನೀರೂ ಶುದ್ಧವಾಗುವುದಿಲ್ಲ. ಆಮೆಯ ಹಿಕ್ಕೆಯಲ್ಲಿ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಈ ಸೋಂಕು ತಗಲುತ್ತಿದ್ದುದರಿಂದಲೇ ಅಮೆರಿಕ 1975ರಲ್ಲಿ ಸಣ್ಣ ಆಮೆಗಳ ಮಾರಾಟ ನಿಷೇಧಿಸಿತು. ಮನೆಯೊಳಗೆ ಅನ್ನ, ಹಾಲು ಹಾಕಿ ಸಾಕಿದ ನಕ್ಷತ್ರ ಆಮೆಗೆ ಬಿಸಿಲು, ಹುಲ್ಲು ಸಿಗದೆ ಮೂಳೆ ಮೆತ್ತಗಾಗಿ ಚಿಪ್ಪು ಗುಬ್ಬು ಗುಬ್ಬಾಗುತ್ತದೆ.

ಈ ಅದೃಷ್ಟಕ್ಕೆ ಬೆಲೆ ಕೊಡುವವರು ಯಾರು?

ಭಾರತದ ಒಂದೇ ಒಂದು ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಬೇಕಾಯಿತು. 2019ರಲ್ಲಿ ಇವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದಡಿ ನಿಷೇಧಿಸಲಾಯಿತು.

ಕೆರೆ ಆಮೆ, ನಕ್ಷತ್ರ ಆಮೆ ಎರಡೂ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಲಕ್ಷದ ಆಸೆ ತೋರಿಸಿದವನು ಗ್ರೂಪಿನಿಂದ ಎಕ್ಸಿಟ್ ಆಗುತ್ತಾನೆ. ಕೇಸು ಬೀಳುವುದು ಆಮೆ ಇಟ್ಟುಕೊಂಡವರ ಮೇಲೆ.

ಆಮೆ ಕಂಡರೆ ಏನು ಮಾಡಬೇಕು?

• ಗಾಯವಾಗಿಲ್ಲದಿದ್ದರೆ ಮುಟ್ಟದೆ ಅದರ ಪಾಡಿಗೆ ಬಿಡಿ.
• ರಸ್ತೆ ದಾಟುತ್ತಿದ್ದರೆ, ಅದು ಹೊರಟಿದ್ದ ದಿಕ್ಕಿನಲ್ಲೇ ರಸ್ತೆಯ ಆಚೆಗೆ ಬಿಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.
• ಗಾಯವಾಗಿದ್ದರೆ ಅಥವಾ ಯಾರಾದರೂ ಮಾರುತ್ತಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.
• ಸಿಕ್ಕ ಜಾಗದ ಹೆಸರು ಹಾಕಿ ಫೋಟೊ ಹಂಚಬೇಡಿ. ಹಿಡಿಯುವವರಿಗೆ ಅದೇ ದಾರಿ ತೋರಿಸುತ್ತದೆ.

ಚಿಕ್ಕಪ್ಪ ಆ ರಾತ್ರಿಯೇ ಆಮೆಯನ್ನು ಸಿಕ್ಕ ಜಾಗದ ಪಕ್ಕದಲ್ಲೇ ತಂಪು ಮಣ್ಣಿನಲ್ಲಿ ಬಿಟ್ಟರು. ಗ್ರೂಪಿನಿಂದ ಫೋಟೊ ಅಳಿಸಿ, ಒಂದು ಸಾಲು ಹಾಕಿದರು: "ಉಗುರು ಎಣಿಸಿದೆ, ಹನ್ನೆರಡೇ. ಬಿಟ್ಟುಬಿಟ್ಟೆ." ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.