ಮಾರಿದ ಕಾರು, ಮಾರದೆ ಉಳಿದ ಹೆಸರು

ಹೆಸರು ಬದಲಾಯಿಸಿಕೊಳ್ಳುವುದು ರಾಮನಗರಕ್ಕೆ ಹೊಸದೇನಲ್ಲ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರವಾಯಿತು. 2007ರ ಆಗಸ್ಟಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಿತು.

ಊರಿನ ಹೆಸರು ಬದಲಾಗಲು ಸರ್ಕಾರದ ಒಂದು ಅಧಿಸೂಚನೆ ಸಾಕು. ಆದರೆ ಅದೇ ಊರಿನ ಬೀದಿಯಲ್ಲಿ ನಿಂತ ಹಳೆಯ ಕಾರೊಂದರ ನೋಂದಣಿ ಪತ್ರದಲ್ಲಿರುವ ಮಾಲೀಕನ ಹೆಸರು ಮಾತ್ರ ತಾನಾಗಿ ಬದಲಾಗುವುದಿಲ್ಲ. ಕಾರು ಕೈಬಿಟ್ಟು ಹೋಗಿರುತ್ತದೆ, ಹಣ ಖರ್ಚಾಗಿ ಹೋಗಿರುತ್ತದೆ; ಹೆಸರು ಹಾಗೆಯೇ ಉಳಿದಿರುತ್ತದೆ. ಹೀಗೆ ಉಳಿದ ಹೆಸರು ಎಷ್ಟು ದೊಡ್ಡ ಋಣವಾಗಬಲ್ಲುದೆಂಬುದನ್ನು ಅರಿತವರು ಬಹಳ ಮಂದಿ ಇಲ್ಲ.

ಹಗ್ಗ ಕೈಬದಲಾದ ಮಾತ್ರಕ್ಕೆ

ಈ ಸೀಮೆಯ ಜನರಿಗೆ ವ್ಯಾಪಾರವೆಂದರೆ ದನದ ಜಾತ್ರೆಯ ವ್ಯಾಪಾರ. ಹಲ್ಲು ನೋಡಿ, ಸುಳಿ ನೋಡಿ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟಿ, ಎತ್ತಿನ ಹಗ್ಗವನ್ನು ಕೊಂಡವನ ಕೈಗಿತ್ತರೆ ಅಲ್ಲಿಗೆ ಮುಗಿಯಿತು. ಆ ಎತ್ತು ಮರುದಿನ ಯಾರ ಹೊಲವನ್ನು ಮೇಯ್ದರೂ ಮಾರಿದವನನ್ನು ಕೇಳುವವರಿಲ್ಲ. ಮೋಟಾರು ವಾಹನದ ವ್ಯಾಪಾರವೂ ಹೀಗೆಯೇ ಎಂದು ಭಾವಿಸಿದವರೇ ಹೆಚ್ಚು. ಬೀಗದ ಕೈಯನ್ನು ಒಪ್ಪಿಸಿ ಹಣವೆಣಿಸಿಕೊಂಡರೆ ತಮ್ಮ ಹೊಣೆ ತೀರಿತೆಂಬುದು ಅವರ ನಂಬಿಕೆ.

ಕಾನೂನಿನ ಮಾತೇ ಬೇರೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ವಾಹನದ ಮಾಲೀಕನೆಂದರೆ ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ. ಓಡಿಸುವವನಲ್ಲ, ಹಣ ಕೊಟ್ಟವನಲ್ಲ, ಮನೆಯ ಮುಂದೆ ನಿಲ್ಲಿಸಿಕೊಂಡವನೂ ಅಲ್ಲ. ವಾಹನವನ್ನು ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ಆ ವಿಷಯವನ್ನು ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ವರ್ಗಾವಣೆಯನ್ನು ಕೋರಬೇಕು. ಮಾರಿದ ಸೂಚನೆಗೆ 29ನೆಯ ನಮೂನೆ, ವರ್ಗಾವಣೆಯ ಅರ್ಜಿಗೆ 30ನೆಯ ನಮೂನೆ. ಕೆಲಸ ಇಷ್ಟೇ. ಇಷ್ಟನ್ನು ಮಾಡದಿದ್ದರೆ ಏನಾಗುತ್ತದೆ?

ನಾಲ್ಕು ತಾಲ್ಲೂಕು, ನಾಲ್ಕು ಕೈ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಚನ್ನಪಟ್ಟಣದ ಒಬ್ಬ ಉಪಾಧ್ಯಾಯರು ತಮ್ಮ ಹಳೆಯ ಕಾರನ್ನು ರಾಮನಗರದ ದಲ್ಲಾಳಿಯೊಬ್ಬನಿಗೆ ಮಾರುತ್ತಾರೆ. ಆತ ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, “ಮುಂದಿನದೆಲ್ಲ ನನಗೆ ಬಿಡಿ, ಮೇಷ್ಟ್ರೇ” ಎನ್ನುತ್ತಾನೆ. ಮೇಷ್ಟ್ರು ಬಿಟ್ಟುಬಿಡುತ್ತಾರೆ. ಕಾರು ಕನಕಪುರದ ಒಬ್ಬ ರೇಷ್ಮೆ ಬೆಳೆಗಾರನ ಕೈಗೆ ಹೋಗುತ್ತದೆ. ಎರಡು ವರ್ಷಗಳ ಬಳಿಕ ಮಾಗಡಿಯ ಮತ್ತೊಬ್ಬನ ಕೈಗೆ. ಸಹಿ ಮಾಡಿದ ಕಾಗದಗಳು ಕಾರಿನ ಜೊತೆಯಲ್ಲಿಯೇ ಊರೂರು ತಿರುಗುತ್ತವೆ; ಯಾರೂ ಅವನ್ನು ಕಚೇರಿಗೆ ಒಪ್ಪಿಸುವುದಿಲ್ಲ. ನಡುವೆ ಎಲ್ಲಿಯೋ ವಿಮೆಯ ಅವಧಿ ಮುಗಿಯುತ್ತದೆ. ಆಮೇಲೆ ಒಂದು ರಾತ್ರಿ ಆ ಕಾರು ರಸ್ತೆಯಲ್ಲಿ ಒಬ್ಬನ ಪ್ರಾಣವನ್ನು ತೆಗೆಯುತ್ತದೆ. ಪರಿಹಾರದ ಮೊಕದ್ದಮೆಯ ನೋಟೀಸು ಚನ್ನಪಟ್ಟಣದ ಮೇಷ್ಟ್ರ ಮನೆಯ ಬಾಗಿಲಿಗೆ ಬರುತ್ತದೆ.

ಇದು ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2007ರಲ್ಲಿ ಮಾರಾಟವಾಗಿ ಹಲವು ಕೈಗಳನ್ನು ದಾಟಿದ್ದ ಒಂದು ವಾಹನ 2009ರಲ್ಲಿ ಅಪಘಾತಕ್ಕೀಡಾಯಿತು. ಅದಕ್ಕೆ ವಿಮೆಯಿರಲಿಲ್ಲ, ನೋಂದಣಿ ಮೊದಲ ಮಾಲೀಕನ ಹೆಸರಿನಲ್ಲಿಯೇ ಇತ್ತು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ನೋಂದಾಯಿತ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು. ಗಾಯಗೊಂಡವನಾಗಲಿ, ಸತ್ತವನ ಮನೆಯವರಾಗಲಿ ಕಾರು ಯಾರಿಂದ ಯಾರಿಗೆ ಹೋಯಿತೆಂದು ಬೆನ್ನಟ್ಟಿಕೊಂಡು ಅಲೆಯಬೇಕೆನ್ನುವುದು ಕಾನೂನಿನ ಉದ್ದೇಶವಲ್ಲವೆಂಬುದು ಆ ತೀರ್ಪಿನ ತಿರುಳು. ನೊಂದವರ ದೃಷ್ಟಿಯಿಂದ ಇದು ನ್ಯಾಯವೇ ಸರಿ. ಆದರೆ ಕಾರನ್ನೇ ಮರೆತಿದ್ದ ಹಳೆಯ ಮಾಲೀಕನ ಪಾಲಿಗೆ ಅದು ಸಿಡಿಲಿನಂತಹ ಸುದ್ದಿ.

ವಿಮೆಯಿದ್ದರೂ ತೊಡಕು ಪೂರ್ತಿ ತೀರುವುದಿಲ್ಲ. ಮೂರನೆಯವರಿಗಾದ ಹಾನಿಯ ಮಟ್ಟಿಗೆ ವಿಮೆ ವಾಹನದೊಡನೆ ಹೊಸ ಮಾಲೀಕನಿಗೆ ಸಲ್ಲುತ್ತದೆ. ಕಾರಿಗೇ ಆದ ಜಖಮಿನ ಪರಿಹಾರ ಹಾಗೆ ಸಲ್ಲುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹಿಂದೆಯೇ ಹೇಳಿದೆ. ಆದುದರಿಂದ ಕೊಂಡವನು 14 ದಿನಗಳೊಳಗೆ ವಿಮೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಷ್ಟ ಅವನದೇ.

ಹೆದ್ದಾರಿಯ ಕಣ್ಣುಗಳು

ಮೊದಲು ಇಂತಹ ಉದಾಸೀನ ವರ್ಷಗಟ್ಟಲೆ ಬೆಳಕಿಗೆ ಬಾರದೆ ಹೋಗುತ್ತಿದ್ದುದುಂಟು. ಈಗ ಹಾಗಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಉದ್ಘಾಟನೆಯಾದ ಎರಡೇ ದಿನಗಳಲ್ಲಿ ಸುಂಕ ವಸೂಲಿ ಮೊದಲಾಯಿತು. ಕಣಿಮಿಣಿಕೆ, ಶೇಷಗಿರಿಹಳ್ಳಿಗಳ ಸುಂಕದ ಕಟ್ಟೆಗಳು ಈ ದಾರಿಯವರಿಗೆ ಚೆನ್ನಾಗಿ ಪರಿಚಿತವಾದವು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗಿನ ಚೀಟಿ ಹಳೆಯ ಮಾಲೀಕನ ಖಾತೆಗೆ ಸೇರಿದ್ದರೆ, ಹೊಸ ಮಾಲೀಕ ಮೈಸೂರಿಗೆ ಹೋಗಿಬಂದ ಸುಂಕ ಹಳೆಯವನ ಖಾತೆಯಿಂದ ಕಡಿತವಾಗುತ್ತದೆ. 2024ರಲ್ಲಿ ಹೆದ್ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಕೂಡಿಸಲಾಯಿತು. ಅತಿವೇಗದ ದಂಡದ ಸೂಚನೆ ಯಂತ್ರದ ಮೂಲಕವೇ ನೋಂದಾಯಿತ ಮಾಲೀಕನ ಮೊಬೈಲಿಗೆ ಹೋಗುತ್ತದೆ. ಯಂತ್ರಕ್ಕೆ ಕಾಣುವುದು ಸಂಖ್ಯಾಫಲಕವೇ ಹೊರತು ಸ್ಟಿಯರಿಂಗ್ ಹಿಡಿದವನ ಮುಖವಲ್ಲ.

ಆ ಫಲಕದ ವಿಷಯದಲ್ಲಿಯೂ ಹೊಸ ಕಟ್ಟಳೆ ಬಂದಿದೆ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿತು. ಫಲಕವಿಲ್ಲದಿದ್ದರೆ ಮಾಲೀಕತ್ವದ ವರ್ಗಾವಣೆಯನ್ನೂ ಮಾಡಿಕೊಡಲಾಗದೆಂದು ಅದರಲ್ಲಿ ತಿಳಿಸಲಾಗಿತ್ತು. ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಹೆಸರು ವರ್ಗವಾಗದೆ ಉಳಿದ ಕಾರುಗಳ ತೊಡಕು ಇಂತಹ ಕಟ್ಟಳೆ ಬಂದಾಗಲೇ ತಿಳಿಯುವುದು: ಫಲಕ ಮಾಡಿಸಲು ಮೊಬೈಲಿಗೆ ಬರುವ ಗುಪ್ತ ಅಂಕಿ ಬೇಕು, ಮಾರಾಟದ ಬಳಿಕ ಯಾವ ದಾಖಲೆಯೂ ತಿದ್ದುಪಡಿಯಾಗದಿದ್ದರೆ ಕಡತದಲ್ಲಿರುವ ಮೊಬೈಲಿನ ಸಂಖ್ಯೆಯೂ ಹಳೆಯವನದೇ ಆಗಿರಬಹುದು.

ವರ್ತಕನ ಕಷ್ಟವೂ ಕಷ್ಟವೇ

ತಪ್ಪೆಲ್ಲ ಕಾರು ವರ್ತಕನದೆಂದು ಹೇಳಿಬಿಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಹಳೆಯ ಕಾರನ್ನು ಕೊಳ್ಳಲು ಬಂದವನು ಮೊದಲು ಕೇಳುವ ಪ್ರಶ್ನೆ, “ಎಷ್ಟನೆಯ ಮಾಲೀಕ?” ಎಂಬುದು. ವರ್ತಕನು ಕ್ರಮವಾಗಿ ತನ್ನ ಹೆಸರಿಗೆ ಮಾಡಿಸಿಕೊಂಡರೆ ಮಾಲೀಕರ ಸಂಖ್ಯೆ ಒಂದು ಹೆಚ್ಚಿ, ಕಾರಿನ ಬೆಲೆ ಇಳಿಯುತ್ತದೆ. ಆದುದರಿಂದಲೇ ಗಿರಾಕಿ ಸಿಗುವವರೆಗೆ ಹೆಸರನ್ನು ಮುಟ್ಟದೆ, ಸಹಿ ಮಾಡಿದ ಕಾಗದಗಳನ್ನು ಇಟ್ಟುಕೊಂಡಿರುವ ರೂಢಿ ಬೆಳೆಯಿತು.

ಈ ಗಂಟನ್ನು ಬಿಡಿಸಲೆಂದೇ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿತು. ಅದರಂತೆ ಹಳೆಯ ವಾಹನಗಳ ವರ್ತಕನು ನೋಂದಣಿ ಪ್ರಾಧಿಕಾರದಿಂದ ಐದು ವರ್ಷಗಳ ಅವಧಿಯ ಅಧಿಕಾರಪತ್ರವನ್ನು ಪಡೆಯಬೇಕು. ಮಾಲೀಕನು ವಾಹನವನ್ನು ಅವನಿಗೆ ಒಪ್ಪಿಸಿದಾಗ 29ಸಿ ನಮೂನೆಯಲ್ಲಿ ತಿಳಿವಳಿಕೆ ಸಲ್ಲಿಸಿದರೆ ಸಾಕು. ಅಲ್ಲಿಂದ ಮುಂದೆ ವರ್ತಕನನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಕಾರಿನ ಕಾಗದಪತ್ರಗಳಿಗೂ ಅದರಿಂದಾಗುವ ಅನಾಹುತಕ್ಕೂ ಹೊಣೆ ಅವನದು. ಹೆಸರು ಬದಲಾಯಿಸಬೇಕಿಲ್ಲವಾದುದರಿಂದ ಮಾಲೀಕರ ಸಂಖ್ಯೆಯೂ ಹೆಚ್ಚುವುದಿಲ್ಲ. ಪ್ರತಿಯಾಗಿ ಆತ ಗಿರಾಕಿಗೆ ಓಡಿಸಿ ತೋರಿಸುವುದು, ರಿಪೇರಿ, ಬಣ್ಣ, ತಪಾಸಣೆ ಮೊದಲಾದ ಕಾರಣಗಳಿಗಲ್ಲದೆ ಆ ಕಾರನ್ನು ರಸ್ತೆಗಿಳಿಸಬಾರದು. ಪ್ರತಿಯೊಂದು ಸಂಚಾರವನ್ನೂ ದಾಖಲೆಯಲ್ಲಿ ಬರೆದಿಡಬೇಕು.

ಮಾರುವವನಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ. ಆದರೆ ಇದು ಸಿಗುವುದು ಅಧಿಕಾರಪತ್ರವುಳ್ಳ ವರ್ತಕನಿಂದ ಮಾತ್ರ. ಚಹಾದಂಗಡಿಯ ಮುಂದೆ ನಿಂತು ಮಾತು ಮುಗಿಸುವ ದಲ್ಲಾಳಿಗೆ ನಿಯಮದ ಈ ಆಸರೆ ಅನ್ವಯಿಸದು. ಅಲ್ಲಿ ನಡೆಯುವುದು ಎಮ್ಮೆಯನ್ನು ನೀರಿನಲ್ಲಿ ಬಿಟ್ಟು ದಡದಲ್ಲಿ ಬೆಲೆ ಕಟ್ಟುವ ವ್ಯಾಪಾರ.

ಕ್ರಮವಾಗಿ ನಡೆಯುವ ವರ್ತಕನಿಗೆ ತೆರಿಗೆಯ ಭಾರವೂ ಉಂಟು. 2025ರ ಜನವರಿಯಿಂದ ಎಲ್ಲ ಬಗೆಯ ಹಳೆಯ ಕಾರುಗಳ ಮೇಲೆ ನೋಂದಾಯಿತ ವರ್ತಕನ ಲಾಭಾಂಶಕ್ಕೆ ಶೇಕಡಾ 18ರಷ್ಟು ಜಿ.ಎಸ್.ಟಿ. ವಿಧಿಸಲಾಗಿದೆ, ಅದಕ್ಕೆ ಮುಂಚೆ ಸಣ್ಣ ಕಾರುಗಳಿಗೆ ಶೇಕಡಾ 12 ಇತ್ತು. 3 ಲಕ್ಷಕ್ಕೆ ಕೊಂಡ ಕಾರನ್ನು ಮೂರೂವರೆ ಲಕ್ಷಕ್ಕೆ ಮಾರಿದರೆ, 50,000 ರೂಪಾಯಿಗಳ ಅಂತರದ ಮೇಲೆ 9,000 ರೂಪಾಯಿ ತೆರಿಗೆ. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ಲೆಕ್ಕವಿಡದ ದಲ್ಲಾಳಿಗೆ ಈ ಚಿಂತೆಯೇ ಇಲ್ಲವಾದುದರಿಂದ ಆತ ಕಡಮೆ ಬೆಲೆ ಹೇಳಬಲ್ಲ. ಗಿರಾಕಿ ಆ ಕಡೆಗೇ ವಾಲುವುದು ಸಹಜ.

ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ತೆರಿಗೆ ಶೇಕಡಾ 28 ಮತ್ತು ಮೇಲ್ತೆರಿಗೆಯಿಂದ ಶೇಕಡಾ 18ಕ್ಕೆ ಇಳಿಯಿತು. ಕೊಳ್ಳುವವರಿಗೆ ಇದು ಹಬ್ಬವೇ ಆಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಲೇಬೇಕಷ್ಟೆ. ಮೊದಲೇ ಹಣ ತೊಡಗಿಸಿ ಹಳೆಯ ಕಾರುಗಳನ್ನು ನಿಲ್ಲಿಸಿಕೊಂಡಿದ್ದವರು ಪೇಚಿಗೆ ಸಿಕ್ಕಿದರು. ಹೊಸ ಕಾರುಗಳ ವರ್ತಕರಿಗೂ ನೆಮ್ಮದಿಯಿರಲಿಲ್ಲ. ಮಾರಾಟವಾಗದೆ ಉಳಿದ ದಾಸ್ತಾನಿನ ಮೇಲೆ ತೆತ್ತಿದ್ದ ಮೇಲ್ತೆರಿಗೆ ಕೈಬಿಟ್ಟು ಹೋಗುವುದೆಂದು ವರ್ತಕರ ರಾಷ್ಟ್ರೀಯ ಒಕ್ಕೂಟವಾದ ಫಾಡಾ ಕೇಂದ್ರಕ್ಕೆ ಮೊರೆಯಿಟ್ಟಿತು.

ಹಳೆಯದಾದಷ್ಟೂ ಖರ್ಚು

ಈ ಜಿಲ್ಲೆಗೂ ಮೋಟಾರಿಗೂ ನಂಟು ಗಾಢವಾದುದು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ತಯಾರಿಕೆ ಆರಂಭವಾಯಿತು. ಅಲ್ಲಿಂದ ಹೊರಬಂದ ಮೊದಲ ವಾಹನವಾದ ಕ್ವಾಲಿಸ್ ಒಂದು ಕಾಲಕ್ಕೆ ನಾಡಿನ ಮದುವೆಯ ದಿಬ್ಬಣಗಳನ್ನೆಲ್ಲ ಹೊತ್ತು ತಿರುಗಿತು. ಆ ಕಾಲದ ಬಂಡಿಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಸ್ವಂತ ಬಳಕೆಯ ಕಾರಿನ ನೋಂದಣಿಗೆ ಆಯುಸ್ಸು 15 ವರ್ಷ; ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 600 ರೂಪಾಯಿಗಳಿದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು.

ಹೊಸ ಕಾರಿಗೆ ಕರ್ನಾಟಕದಲ್ಲಿ ತೆರಬೇಕಾದ ಜೀವಾವಧಿ ತೆರಿಗೆ ದೇಶದಲ್ಲಿಯೇ ಹೆಚ್ಚಿನವುಗಳಲ್ಲಿ ಒಂದು. ಅದನ್ನು ತೆರಲಾರದ ರೈತನೋ ಗುಮಾಸ್ತನೋ ಹಳೆಯ ಕಾರನ್ನು ಅರಸುತ್ತಾನೆ. ಅತಿ ಹಳೆಯದಾದ ಕಾರು ಅತಿ ಅಗ್ಗ; ಅದಕ್ಕೆ ಶುಲ್ಕ ಮಾತ್ರ ದುಬಾರಿ. ಅವಧಿ ಮುಗಿದ ಇಂತಹ ಕಾರುಗಳ ಕಾಗದ ಸರಿಪಡಿಸುವ ಉತ್ಸಾಹ ಕೊಂಡವನಿಗೆ ಹುಟ್ಟುವುದು ಕಷ್ಟ. ಆದುದರಿಂದ ಹಳೆಯ ಮಾಲೀಕನ ಹೆಸರು ಕಡೆಯವರೆಗೂ ಅಂಟಿಕೊಂಡಿರುವ ಅಪಾಯ ಹೆಚ್ಚಾಗಿರುವುದು ಈ ಬಡ ಕಾರುಗಳಲ್ಲಿಯೇ.

ಮಾಡಬೇಕಾದುದು

ಮಾರುವವರು ನೆನಪಿಡಬೇಕಾದ ಸಂಗತಿಗಳು ಕೆಲವೇ. ಖಾಲಿ ನಮೂನೆಗೆ ಸಹಿ ಹಾಕಬಾರದು. ಕೊಳ್ಳುವವನ ಹೆಸರು, ವಿಳಾಸ, ದಿನಾಂಕ, ವೇಳೆಗಳನ್ನು ಬರೆದ ರಶೀದಿಯನ್ನು ಇಟ್ಟುಕೊಳ್ಳಬೇಕು. ವರ್ತಕನಿಗೆ ಕೊಡುವುದಾದರೆ ಅಧಿಕಾರಪತ್ರವನ್ನು ಕೇಳಿ ನೋಡಬೇಕು. ಫಾಸ್ಟ್ಯಾಗಿನ ಖಾತೆಯನ್ನು ಅಂದೇ ಮುಚ್ಚಿಸಬೇಕು. ತಿಂಗಳೊಂದು ಕಳೆದ ಮೇಲೆ ಪರಿವಾಹನ್ ಜಾಲತಾಣದಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಬೇಕು.

ಕೊಳ್ಳುವವರು ಬ್ಯಾಂಕಿನ ಸಾಲದ ಋಣ ತೀರಿದೆಯೇ, ಬಾಕಿ ದಂಡಗಳಿವೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಹಣ ಎಣಿಸುವ ಮೊದಲೇ ವಿಚಾರಿಸಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸತ್ತವರ ಹೆಸರಿನಲ್ಲಿ ಓಡುವ ಬಂಡಿ ಬದುಕಿರುವವರಿಗೆ ತರುವ ತೊಂದರೆ ಅಷ್ಟಿಷ್ಟಲ್ಲ.

ಸರ್ಕಾರವೂ ಒಂದು ಮಾತನ್ನು ಆಲೋಚಿಸುವುದು ಒಳಿತು. 29ಸಿ ನಮೂನೆಯಂತಹ ಒಳ್ಳೆಯ ರಕ್ಷಣೆಯ ಸುದ್ದಿ ಮಾಗಡಿ, ಕನಕಪುರಗಳ ಹಳ್ಳಿಗಳಿಗೆ ಇನ್ನೂ ಚೆನ್ನಾಗಿ ತಲಪಬೇಕು. ಸಾರಿಗೆ ಕಚೇರಿಯ ಗೋಡೆಯ ಮೇಲೆ ಸರಳ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಕಾರನ್ನು ಮಾರಲು ಒಂದು ಗಂಟೆ ಸಾಕು. ಹೆಸರನ್ನು ಬಿಡಿಸಿಕೊಳ್ಳಲು ಇನ್ನೊಂದು ದಿನ ಬೇಕಾದೀತು. ಆ ಒಂದು ದಿನವನ್ನು ಉಳಿಸಲು ಹೋದವರು ಮುಂದೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬರಬಹುದು.