ಪದರದ ಮೇಲೆ ಪದರ: ಚಿತ್ರ ಕೂಡುವ ಬಗೆ

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಹುಳು ಹಣ್ಣಾಯಿತೆಂದರೆ ಬಿದಿರಿನ ಚಂದ್ರಂಕಿಗಳು ಹೊರಬರುತ್ತವೆ. ಸುರುಳಿ ಸುತ್ತಿದ ಬಿದಿರಿನ ಪಟ್ಟಿಗಳ ನಡುವೆ ಹಳದಿ ಗೂಡುಗಳು ತುಂಬಿದ ಆ ನೋಟವನ್ನು ಕಂಪ್ಯೂಟರಿನಲ್ಲಿ ಚಿತ್ರಿಸಲು ಕುಳಿತ ಹೊಸಬರಿಗೆ ಒಂದು ತೊಡಕು ಎದುರಾಗುತ್ತದೆ. ಗೂಡು ಗೂಡಿನಂತೆ ಕಾಣದೆ ಪ್ಲಾಸ್ಟಿಕ್ ಮೊಟ್ಟೆಯಂತೆ ಹೊಳೆಯುತ್ತದೆ! ಕೂಡಲೇ ಹೊಸ ಹೊಸ ಬ್ರಷ್‌ಗಳ ಹುಡುಕಾಟ ಆರಂಭವಾಗುತ್ತದೆ. ಆದರೆ ಕೊರತೆ ಇರುವುದು ಬ್ರಷ್‌ಗಳ ಸಂಖ್ಯೆಯಲ್ಲಲ್ಲ, ಯಾವುದರ ಮೇಲೆ ಯಾವುದು ಬರಬೇಕೆಂಬ ಕ್ರಮದಲ್ಲಿ.

ಈ ಕ್ರಮ ನಮ್ಮ ಚಿತ್ರಕಾರರಿಗೆ ಹೊಸದೇನಲ್ಲ. ಗೌರಿಬಿದನೂರಿನ ಆಚೆ, ಆಂಧ್ರದ ಗಡಿಯೊಳಗಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿ 16ನೇ ಶತಮಾನದ ವಿಜಯನಗರ ಶೈಲಿಯ ಚಿತ್ರಗಳಿವೆ. ಮೊದಲು ಗಾರೆ, ಅದರ ಮೇಲೆ ರೇಖೆ ಮತ್ತು ಬಣ್ಣ. 1565ರ ಯುದ್ಧದಲ್ಲಿ ವಿಜಯನಗರ ಕುಸಿದ ಮೇಲೆ ಆ ಪರಂಪರೆ ಮೈಸೂರು ಒಡೆಯರ ಆಶ್ರಯದಲ್ಲಿ ಮುಂದುವರಿಯಿತು. ಮೈಸೂರು ಶೈಲಿಯ ಚಿತ್ರಕಾರರು ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದು, ಮೊದಲು ಆಕಾಶ, ಬೆಟ್ಟ, ನದಿಗಳನ್ನು ಬಿಡಿಸುತ್ತಿದ್ದರು. ಆಮೇಲೆ ಆಕೃತಿಗಳು, ಕೊನೆಗೆ ಮುಖ, ಉಡುಗೆ ಮತ್ತು ಚಿನ್ನದ ರೇಕಿನ ಆಭರಣ. ಅಳಿಲಿನ ಕೂದಲಿನ ಕುಂಚ ನವಿರು ಕೆಲಸಕ್ಕೆ ಬರುತ್ತಿತ್ತು.

ಕಂಪ್ಯೂಟರಿನ 'ಲೇಯರ್' ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಗಾಜಿನ ಹಾಳೆ ಎಂದು ತಿಳಿಯಬಹುದು. 1990ರಲ್ಲಿ ಬಂದ ಫೋಟೊಶಾಪ್‌ಗೆ ಈ ಸೌಲಭ್ಯ ಸೇರಿದ್ದು 1994ರಲ್ಲಿ. ಉಚಿತವಾಗಿ ದೊರೆಯುವ ಕ್ರಿಟಾದಲ್ಲೂ ಇದು ಉಂಟು.

ಈಗ ಚಂದ್ರಂಕಿಗೆ ಬರೋಣ. ತಳದ ಲೇಯರಿನಲ್ಲಿ ಬಿದಿರಿನ ಬಣ್ಣ, ಅದರ ಮೇಲೆ ಪ್ರತ್ಯೇಕ ಲೇಯರಿನಲ್ಲಿ ಗೂಡುಗಳ ಸಪಾಟು ಹಳದಿ, ಎಲ್ಲಕ್ಕೂ ಮೇಲೆ ರೇಖೆ. ನೆರಳಿಗೆ ಗೂಡಿನ ಲೇಯರಿನ ಮೇಲೆ ಇನ್ನೊಂದನ್ನು ತೆರೆದು, ಬಣ್ಣ ಅಂಚಿನಾಚೆ ಹೋಗದಂತೆ ಕೆಳಗಿನ ಲೇಯರಿಗೆ ಕಟ್ಟಬೇಕು. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಆ ಲೇಯರನ್ನು 'ಮಲ್ಟಿಪ್ಲೈ'ಗೆ ಬದಲಿಸಿದರೆ ಮೇಲೆ ಹಚ್ಚಿದ ಕಂದು, ಕೆಳಗಿನ ಹಳದಿಯನ್ನು ಮುಚ್ಚದೆ ಗಾಢವಾಗಿಸುತ್ತದೆ. ಕಪ್ಪು ಬಳಸಿದರೆ ಮಾತ್ರ ಹಳದಿ ಕೊಳೆಯಾದಂತೆ ಕಾಣುತ್ತದೆ.

ಬ್ರಷ್‌ಗಳ ವಿಷಯದಲ್ಲಿ ಮೂರೇ ಸಾಕು. ಆಕಾರಕ್ಕೆ ಗಡುಸು ಅಂಚಿನದು, ತಿರುವಿಗೆ ಮೃದು ಅಂಚಿನದು, ಮೈಯ ಒರಟಿಗೆ ಒಣ ಕುಂಚದಂಥದು. ಗೂಡಿನ ಮೈ ನಾರುನಾರಾಗಿರುತ್ತದೆ, ಮೊಟ್ಟೆಯಂತೆ ನುಣುಪಲ್ಲ. ಎಲ್ಲೆಡೆ ಮೃದು ಬ್ರಷ್ ಆಡಿಸುವುದರಿಂದಲೇ ಪ್ಲಾಸ್ಟಿಕ್ಕಿನ ಹೊಳಪು ಬರುವುದು. ಗೂಡು ಬಿದಿರಿಗೆ ತಾಗುವಲ್ಲಿ ನೆರಳಿನ ಅಂಚು ಚೂಪಾಗಿರಲಿ, ದೂರ ಸರಿದಂತೆ ಮಸುಕಾಗಲಿ. ದೊಡ್ಡ ಬ್ರಷ್‌ನಿಂದ ಆರಂಭಿಸಿ ಸಣ್ಣದರಲ್ಲಿ ಮುಗಿಸುವುದು ಲೇಸು. ನಡುನಡುವೆ ಚಿತ್ರವನ್ನು ಕುಗ್ಗಿಸಿ ನೋಡಬೇಕು. ಹೆಬ್ಬೆರಳಿನಷ್ಟು ಚಿಕ್ಕದಾದಾಗಲೂ ಚಂದ್ರಂಕಿ ಚಂದ್ರಂಕಿಯಾಗಿಯೇ ಕಂಡರೆ ಬೆಳಕು ನೆರಳು ಸರಿಯಾಗಿದೆ ಎಂದರ್ಥ.

ಹುಣಸೆ ಇದ್ದಿಲಿನ ಗೆರೆಯ ಮೇಲೆ ಒಮ್ಮೆ ಚಿನ್ನದ ರೇಕು ಕೂತರೆ ಮೈಸೂರಿನ ಚಿತ್ರಕಾರ ಹಿಂದಕ್ಕೆ ಹೋಗುವಂತಿರಲಿಲ್ಲ. ಇಂದಿನವರಿಗೆ ಆ ಅವಕಾಶವಿದೆ, ಆದರೆ ಲೇಯರ್‌ಗಳು ಉಳಿದಿರುವವರೆಗೆ ಮಾತ್ರ. ಮೂರು ಸಂಜೆ ಕೂತು ಬರೆದ ಚಿತ್ರವನ್ನು ನಾನೊಮ್ಮೆ ಜೆಪೆಗ್ ರೂಪದಲ್ಲಷ್ಟೇ ಉಳಿಸಿ ಕೆಟ್ಟೆ. ಲೇಯರ್‌ಗಳೆಲ್ಲ ಒಂದಾಗಿ, ತಪ್ಪಾದ ನೆರಳನ್ನು ತೆಗೆಯಲು ಹಳದಿಯನ್ನೂ ಕಳೆದುಕೊಳ್ಳಬೇಕಾಯಿತು. ಆದುದರಿಂದ ತಂತ್ರಾಂಶದ ಸ್ವಂತ ರೂಪದಲ್ಲಿ ಒಂದು ಪ್ರತಿ ಇಡುವುದು ಕಡ್ಡಾಯ.

ರೇಷ್ಮೆ ಮನೆಗಳಿಗೆ ಪ್ಲಾಸ್ಟಿಕ್ ನೇತ್ರಿಕೆಗಳೂ ಬಂದಿವೆ. ಬಿದಿರಿನ ಚಂದ್ರಂಕಿ ಕಣ್ಣಮುಂದಿರುವಾಗಲೇ ಅದನ್ನು ನೋಡಿ ಬರೆಯುವ ಎಳೆಯ ಕೈಗಳು ಶಿಡ್ಲಘಟ್ಟಕ್ಕೆ ಬೇಕು. ಬ್ರಷ್ ಯಾವುದೆಂಬುದು ಆಮೇಲಿನ ಮಾತು, ಮೊದಲು ಬೇಕಾದುದು ನೋಡುವ ಕಣ್ಣು.