ಮನೆಯೊಳಗಣ ನಿಸ್ತಂತು ಜಾಲ

ನೀರಿನ ನಲ್ಲಿಯನ್ನೂ ವಿದ್ಯುದ್ದೀಪಗಳನ್ನೂ ಹಾಕಿಸುವಾಗ ಯಾವ ಕೋಣೆಗೆ ಎಷ್ಟು ಬೇಕೆಂಬುದನ್ನು ಮನೆಯ ಯಜಮಾನನು ಮೇಸ್ತ್ರಿಯೊಡನೆ ನಿಂತು ಗೊತ್ತುಮಾಡುವುದು ವಾಡಿಕೆಯಷ್ಟೆ. ಅಂತರ್ಜಾಲವನ್ನು ಹಾಕಿಸುವಾಗ ಮಾತ್ರ ನಮ್ಮಲ್ಲಿ ಆ ವಿಚಾರವೇ ಹುಟ್ಟುವುದಿಲ್ಲ. ಕಂಪನಿಯ ಹುಡುಗನು ಬರುತ್ತಾನೆ. ಬೀದಿಯ ಕಂಬದಿಂದ ಗಾಜಿನ ಎಳೆಯ ತಂತಿಯೊಂದನ್ನು ಎಳೆದುಕೊಂಡು, ತಲೆಬಾಗಿಲಿಗೆ ಹತ್ತಿರವಾದ ಗೋಡೆಗೆ ಡಬ್ಬಿಯೊಂದನ್ನು ಬಡಿದು, ಗುಪ್ತಪದವನ್ನು ಚೀಟಿಯಲ್ಲಿ ಬರೆದುಕೊಟ್ಟು, ಅರ್ಧ ಗಂಟೆಯೊಳಗೆ ಹೊರಟುಹೋಗುತ್ತಾನೆ. ಅವನು ಇಟ್ಟದ್ದೇ ಸರಿಯಾದ ಸ್ಥಳವೆಂದು ನಾವು ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆನು. ಅದರ ಫಲವಾಗಿ ನಮ್ಮ ಮನೆಯಲ್ಲಿ ಒಬ್ಬ ಹುಡುಗಿಗೆ ಆರು ತಿಂಗಳ ಕಾಲ ಅನ್ಯಾಯವಾಯಿತು. ಮತ್ತು ಆ ಅನ್ಯಾಯಕ್ಕೆ ನಾನೇ ಮುಂದಾಳಾಗಿದ್ದೆನು.

ನಮ್ಮದು ಮೈಸೂರಿನ ಹಳೆಯ ಅಗ್ರಹಾರದ ಮನೆ. ಜಗಲಿ, ಪಡಸಾಲೆ, ನಡುಮನೆ, ಅಡಿಗೆಮನೆ, ಬಚ್ಚಲು, ಅದರಾಚೆ ಹಿತ್ತಿಲಿಗೆ ತಗುಲಿದ ಒಂದು ಸಣ್ಣ ಕೋಣೆ, ಹೀಗೆ ರೈಲಿನ ಗಾಡಿಗಳಂತೆ ಒಂದರ ಹಿಂದೆ ಒಂದು. ಗೋಡೆಗಳು ಮಣ್ಣಿನವು, ದಪ್ಪವು ಒಂದು ಮೊಳಕ್ಕೆ ಕಡಿಮೆಯಿಲ್ಲ. ಪಡಸಾಲೆಯಲ್ಲಿ ಮಗನು ತನ್ನ ಆಫೀಸಿನ ಕೆಲಸವನ್ನು ಗಣಕಯಂತ್ರದಲ್ಲಿ ನಡೆಸುತ್ತಾನೆ. ಡಬ್ಬಿಯೂ ಅಲ್ಲಿಯೇ, ಉಕ್ಕಿನ ಬೀರುವಿನ ಪಕ್ಕದಲ್ಲಿ. ಹಿಂದಿನ ಕೋಣೆಯನ್ನು ತೀರಿಹೋದ ನನ್ನ ತಂಗಿಯ ಮಗಳಿಗೆ ಕೊಟ್ಟಿದ್ದೆವು. ಅವಳು ಹಗಲು ಕಾಲೇಜಿಗೆ ಹೋಗಿ, ರಾತ್ರಿ ಎಂಟರಿಂದ ಹತ್ತರವರೆಗೆ ಚಾರ್ಟರ್ಡ್ ಅಕೌಂಟೆನ್ಸಿ ಪರೀಕ್ಷೆಯ ಪಾಠಗಳನ್ನು ಅಂತರ್ಜಾಲದ ಮೂಲಕ ಕೇಳುತ್ತಿದ್ದಳು. ಹಿಂದಿನ ಕೋಣೆಯು ಏಕಾಂತವಾದದ್ದು, ಓದುವವರಿಗೆ ಹೇಳಿ ಮಾಡಿಸಿದ್ದು ಎಂಬುದು ನನ್ನ ಭಾವನೆಯಾಗಿತ್ತು.

ಪಾಠ ನಡೆಯುವ ವೇಳೆಯಲ್ಲಿ ಈ ಹುಡುಗಿಯು ಆಗಾಗ ಎದ್ದು ಈಚೆಗೆ ಬರುವುದನ್ನು ಕಂಡೆನು. ಕಿರುಪರೀಕ್ಷೆಗಳಲ್ಲಿ ಅಂಕಗಳೂ ಕಡಿಮೆಯಾದುವು. ಮೂವತ್ತು ವರ್ಷಗಳ ಕಾಲ ಮಕ್ಕಳ ಮುಖವನ್ನು ನೋಡಿಯೇ ಅವರ ಮನಸ್ಸನ್ನು ತಿಳಿಯಬಲ್ಲೆನೆಂಬ ಅಹಂಭಾವವುಳ್ಳ ನಾನು, ಎಲ್ಲರ ಎದುರಿಗೇ, "ಕುಳಿತು ಓದುವ ಮನಸ್ಸಿಲ್ಲದಿದ್ದರೆ ದುಡ್ಡು ಕಟ್ಟಿಸಿದ್ದೇಕೆ?" ಎಂದು ಕೇಳಿಬಿಟ್ಟೆನು. ಅವಳು ತಲೆತಗ್ಗಿಸಿಕೊಂಡು ಒಳಕ್ಕೆ ಹೋದಳು.

ಪುಷ್ಯಮಾಸದ ಒಂದು ರಾತ್ರಿ ಹಿತ್ತಿಲ ಬಾಗಿಲನ್ನು ಭದ್ರಪಡಿಸಲು ಹೋದಾಗ, ಬಚ್ಚಲಿನ ಹೊರಗೆ ಒಗೆಯುವ ಕಲ್ಲಿನ ಮೇಲೆ ಶಾಲು ಹೊದ್ದು ಯಾರೋ ಕುಳಿತಿದ್ದಂತೆ ಕಂಡಿತು. ಅವಳೇ. ಒರಳುಕಲ್ಲಿನ ಮೇಲೆ ಲ್ಯಾಪ್‌ಟಾಪು. ತೊಡೆಯ ಮೇಲೆ ನೋಟುಪುಸ್ತಕ.

"ಇದೇನಮ್ಮ, ಈ ಚಳಿಯಲ್ಲಿ?"

"ಕೋಣೆಯಲ್ಲಿ ನೆಟ್ ಬರುವುದಿಲ್ಲ ಮಾವ. ಇಲ್ಲಿ ಅಡಿಗೆಮನೆಯ ಕಿಟಕಿಯಿಂದ ಸ್ವಲ್ಪ ಬರುತ್ತದೆ."

"ನನಗೆ ಹೇಳಬಾರದಾಗಿತ್ತೆ?"

"ಭಾವನಿಗೆ ಆಫೀಸಿನ ಕೆಲಸವಿರುತ್ತದೆಯಲ್ಲ. ಡಬ್ಬಿ ಅಲ್ಲೇ ಇರಬೇಕೇನೋ ಅಂದುಕೊಂಡೆ."

ಅನ್ನವನ್ನು ಬಡಿಸುವಾಗ ಪಂಕ್ತಿಭೇದ ಮಾಡಬಾರದೆಂದು ಹುಡುಗರಿಗೆ ಬೋಧಿಸುತ್ತಿದ್ದವನ ಮನೆಯಲ್ಲಿ ನಡೆದದ್ದು ಇದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನದಿಂದ, ಮಗನ ಸಹಾಯದಿಂದಲೂ ನನ್ನ ಹಟದಿಂದಲೂ, ಈ ವಿದ್ಯೆಯನ್ನು ಕಲಿಯಲಾರಂಭಿಸಿದೆನು. ನನ್ನಂತಹ ಗೃಹಸ್ಥರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಡಬ್ಬಿಯ ವಿಚಾರ. ಬೀದಿಯಿಂದ ಬರುವ ಗಾಜಿನ ಎಳೆಯಲ್ಲಿ ಸುದ್ದಿಯು ಬೆಳಕಿನ ರೂಪದಲ್ಲಿ ಬರುತ್ತದೆ. ಅದನ್ನು ವಿದ್ಯುತ್ತಿನ ರೂಪಕ್ಕೆ ತಿರುಗಿಸುವುದು ಒಂದು ಕೆಲಸ. ಮನೆಯ ಯಂತ್ರಗಳಿಗೆಲ್ಲ ಹಂಚುವುದು ಎರಡನೆಯದು. ತಂತಿಯಿಲ್ಲದೆ ರೇಡಿಯೋ ತರಂಗಗಳ ಮೂಲಕ ಕೋಣೆಕೋಣೆಗೆ ಮುಟ್ಟಿಸುವುದು ಮೂರನೆಯದು. ಈಗಿನ ಡಬ್ಬಿಗಳಲ್ಲಿ ಅನೇಕವು ಈ ಮೂರನ್ನೂ ತಾವೇ ಮಾಡುತ್ತವೆ. ಹಂಚುವ ರೀತಿಯು ಸ್ವಾರಸ್ಯವಾದದ್ದು. ಸಾಮಾನ್ಯವಾಗಿ ಕಂಪನಿಯು ಇಡೀ ಮನೆಗೆ ಒಂದೇ ವಿಳಾಸವನ್ನು ಕೊಡುತ್ತದೆ. ಒಳಗಿರುವ ಗಣಕಯಂತ್ರ, ದೂರವಾಣಿ, ಟಿ. ವಿ. ಮುಂತಾದುವುಗಳಿಗೆ 192.168 ಎಂದು ಮೊದಲಾಗುವಂತಹ ಒಳವಿಳಾಸಗಳನ್ನು ಡಬ್ಬಿಯು ತಾನೇ ಕೊಟ್ಟುಕೊಳ್ಳುತ್ತದೆ. ಅವಿಭಕ್ತ ಕುಟುಂಬದ ಒಂದೇ ಬಾಗಿಲ ಸಂಖ್ಯೆಗೆ ಬಂದ ಕಾಗದಗಳನ್ನೆಲ್ಲ ಯಜಮಾನನು ತೆಗೆದುಕೊಂಡು, ಯಾರದು ಯಾರಿಗೆಂದು ನೋಡಿ ಒಳಕ್ಕೆ ಕೊಡುವಂತೆ ಇದೂ ಕೊಡುತ್ತದೆ. ಆದಕಾರಣ ಒಂದೇ ಸಂಪರ್ಕವನ್ನು ಐದು ಯಂತ್ರಗಳು ಹಂಚಿಕೊಳ್ಳಲು ಐದು ಚಂದಾಗಳನ್ನು ಕಟ್ಟಬೇಕಾದುದಿಲ್ಲ.

ಈ ಮೂರನೆಯ ಕೆಲಸಕ್ಕೆ ವೈಫೈ ಎಂದು ಹೆಸರು. ವ್ಯುತ್ಪತ್ತಿಯನ್ನು ಹುಡುಕುತ್ತ ನಾನು ಒಂದು ಸಾಯಂಕಾಲವನ್ನೇ ಕಳೆದೆನು. ಇದರ ಮೊದಲನೆಯ ನಿಯಮಾವಳಿಯು 802.11 ಎಂಬ ಸಂಖ್ಯೆಯಿಂದ 1997ರಲ್ಲಿ ಹೊರಬಂದಿತು. ಆಗಿನ ವೇಗವು ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. ಇಂತಹ ಅಂಕಿಯನ್ನು ಹೇಳಿಕೊಂಡು ಸರಕು ಮಾರುವುದು ಕಷ್ಟವೆಂದು 1999ರಲ್ಲಿ ವೈಫೈ ಎಂಬ ಹೆಸರನ್ನು ಕಟ್ಟಿದರಂತೆ. ಅದಕ್ಕೆ ಅರ್ಥವೇನೂ ಇಲ್ಲ. ಅರ್ಥವನ್ನು ಆಮೇಲೆ ಜೋಡಿಸಿದರು. ನಮ್ಮ ವೈಯಾಕರಣರು ಡಿತ್ಥ, ಡವಿತ್ಥ ಎಂದು ಉದಾಹರಿಸುವ ಯದೃಚ್ಛಾಶಬ್ದಗಳ ಪಂಕ್ತಿಗೆ ಇದನ್ನು ಸೇರಿಸಿ ನಾನು ಸಮಾಧಾನ ಹೊಂದಿದೆನು.

ತರಂಗಗಳು ಹೊಸವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ, ಗೋಡೆಗಳ ಆಚೆಗೆ ಇಂತಹ ತರಂಗಗಳನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ನಮ್ಮ ಮೈಸೂರಿನಲ್ಲಿಯೇ 1935ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಬೆಳೆದುಬಂದದ್ದು ಅಲ್ಲಿಂದ. ನನ್ನ ಬಾಲ್ಯದಲ್ಲಿ ರೇಡಿಯೋ ಕೇಳುವುದಕ್ಕೂ ಅಂಚೆಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಈಗ ನಮ್ಮ ಮನೆಯ ಡಬ್ಬಿಯು ಕೇಳುವುದಲ್ಲದೆ ಪ್ರಸಾರವನ್ನೂ ಮಾಡುತ್ತದೆ, ಆದರೂ ಲೈಸೆನ್ಸು ಬೇಡ. ಏಕೆಂದರೆ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಭಾರತ ಸರಕಾರವು 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು. 5 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಇದ್ದ ಸ್ವಾತಂತ್ರ್ಯವನ್ನು 2018ರಲ್ಲಿ ಇನ್ನಷ್ಟು ವಿಸ್ತರಿಸಿತು.

ಈ ಎರಡು ಪಟ್ಟಿಗಳ ಗುಣಭೇದವನ್ನು ಗೃಹಸ್ಥನು ತಿಳಿದಿರಬೇಕು. 2.4ರ ತರಂಗವು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ಅಲ್ಲದೆ ನೆರೆಹೊರೆಯವರ ಡಬ್ಬಿಗಳೆಲ್ಲ ಅದೇ ಬೀದಿಯಲ್ಲಿ ನೂಕಾಡುತ್ತವೆ, ಮೈಕ್ರೋವೇವ್ ಒಲೆಯೂ ಅಲ್ಲಿಯೇ ಗದ್ದಲ ಮಾಡುತ್ತದೆ. 5ರ ತರಂಗವು ವೇಗಶಾಲಿ, ಆದರೆ ದುರ್ಬಲ. ಎರಡು ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ಬಸವಳಿಯುತ್ತದೆ. ಲೋಹವು ಎರಡನ್ನೂ ತಡೆದು ಹಿಂದಿರುಗಿಸುತ್ತದೆ. ನೀರು ಎರಡನ್ನೂ ಹೀರುತ್ತದೆ. ನಮ್ಮ ಮನೆಯಲ್ಲಿ ಡಬ್ಬಿಗೂ ಆ ಹುಡುಗಿಯ ಕೋಣೆಗೂ ನಡುವೆ ಏನೇನಿದ್ದುವೆಂದು ಎಣಿಸಿದೆನು: ಉಕ್ಕಿನ ಬೀರು ಒಂದು, ಮೊಳದಪ್ಪದ ಗೋಡೆ ನಾಲ್ಕು, ಬಚ್ಚಲಿನಲ್ಲಿ ನೀರು ತುಂಬಿದ ನಮ್ಮ ತಾಯಿಯವರ ಕಾಲದ ತಾಮ್ರದ ಹಂಡೆ ಒಂದು. ಬೇಕೆಂದು ಅಡ್ಡಿಗಳನ್ನು ಒಡ್ಡಿದ್ದರೂ ಇದಕ್ಕಿಂತ ಚೆನ್ನಾಗಿ ಒಡ್ಡಲು ಆಗುತ್ತಿರಲಿಲ್ಲ.

ದೂರವಾಣಿಯ ಮೇಲ್ಗಡೆ ಕಾಣುವ ಕಮಾನಿನ ಗೆರೆಗಳನ್ನು ನಂಬಬೇಡಿರಿ. ವೇಗವನ್ನು ಅಳೆಯುವ ಉಚಿತ ಸಾಧನಗಳಿವೆ. ಅವನ್ನು ಹಿಡಿದು ಪ್ರತಿಯೊಂದು ಕೋಣೆಯಲ್ಲಿಯೂ, ಮನೆಯವರೆಲ್ಲ ಬಳಸುವ ರಾತ್ರಿಯ ವೇಳೆಯಲ್ಲಿ ಅಳೆದು ಬರೆದಿಡಿರಿ. ನಾವು 100 ಮೆಗಾಬಿಟ್ಟಿಗೆ ಹಣ ಕಟ್ಟುತ್ತಿದ್ದೆವು. ಪಡಸಾಲೆಯಲ್ಲಿ 92, ನಡುಮನೆಯಲ್ಲಿ 38, ಅಡಿಗೆಮನೆಯಲ್ಲಿ 9, ಹಿಂದಿನ ಕೋಣೆಯಲ್ಲಿ ಒಮ್ಮೆ 1, ಒಮ್ಮೆ ಏನೂ ಇಲ್ಲ. ಇನ್ನೂ ಹೆಚ್ಚಿನ ಚಂದಾ ಕಟ್ಟಿದರೆ ಸರಿಹೋಗುವುದೆಂದು ಕಂಪನಿಯವರು ಹೇಳಿದರು. ಅದು ತಪ್ಪು, ತೊಟ್ಟಿಗೆ ಬರುವ ನೀರನ್ನು ಹೆಚ್ಚಿಸಿದ ಮಾತ್ರಕ್ಕೆ ಮುಚ್ಚಿಹೋದ ಒಳಕೊಳಾಯಿಯು ಬಿಟ್ಟುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಅಗ್ಗವಾದ ಉಪಾಯವು ಡಬ್ಬಿಯನ್ನು ಮನೆಯ ಮಧ್ಯಕ್ಕೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಾದ ಸ್ಥಳಕ್ಕೆ ತರುವುದು. ಚಿಕ್ಕ ಮನೆಗಳಿಗೆ ಇದಿಷ್ಟೇ ಸಾಕು. ಅದನ್ನು ಅಲಮಾರಿನೊಳಗೆ ಬಚ್ಚಿಡುವುದು, ಟಿ. ವಿ.ಯ ಹಿಂದೆ ಇಡುವುದು, ಚೆಂದಕ್ಕಾಗಿ ಬಟ್ಟೆ ಹೊದಿಸುವುದು ಕೂಡದು. ಬಟ್ಟೆಯು ತರಂಗಕ್ಕೆ ಅಡ್ಡಿಯಲ್ಲ, ಡಬ್ಬಿಗೆ ಸೆಕೆಯಾಗುತ್ತದೆ. ಗಾಜಿನ ಎಳೆಯ ತಂತಿಯನ್ನು ಮಾತ್ರ ನೀವೇ ಎಳೆದಾಡಬೇಡಿರಿ. ಬಿಗಿಯಾಗಿ ಮಡಿಸಿದರೆ ಒಳಗೆ ಮುರಿಯುತ್ತದೆ.

ನಮ್ಮ ಉದ್ದನೆಯ ಮನೆಗೆ ಅಷ್ಟು ಸಾಲಲಿಲ್ಲ. ಅಂಗಡಿಯವನು ಗೋಡೆಯ ಸಾಕೆಟ್ಟಿಗೆ ಚುಚ್ಚುವ ರಿಪೀಟರ್ ಎಂಬ ಸಣ್ಣ ಸಾಧನವನ್ನು ಕೊಟ್ಟನು. ಅದು ಮುಂದಿನ ಡಬ್ಬಿಯ ಮಾತನ್ನು ಕೇಳಿ ಹಿಂದಿನವರಿಗೆ ಪುನಃ ಹೇಳುತ್ತದೆ. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಬಾಯಿಯಾದರೆ ವೇಗವು ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ಅದಕ್ಕೇ ಸರಿಯಾಗಿ ಕೇಳಿಸದ ಸ್ಥಳದಲ್ಲಿ ನಾವು ಅದನ್ನು ಚುಚ್ಚಿದ್ದೆವು. ಮೂರು ದಿನದ ಮೇಲೆ ಹಿಂದಿರುಗಿಸಿದೆನು.

ಕಡೆಗೆ ನಿಸ್ತಂತುವಿನ ರೋಗಕ್ಕೆ ತಂತುವೇ ಔಷಧವಾಯಿತು. ಪಡಸಾಲೆಯ ಡಬ್ಬಿಯಿಂದ ಅಟ್ಟದ ಮೇಲೆ ಹಾಯಿಸಿ ಹಿಂದಿನ ಕೋಣೆಯವರೆಗೆ 22 ಮೀಟರ್ ಈಥರ್ನೆಟ್ ತಂತಿಯನ್ನು ಎಳೆಸಿದೆವು. ಈ ತಂತಿಯು 100 ಮೀಟರಿನವರೆಗೆ ವೇಗವನ್ನು ಕಳೆದುಕೊಳ್ಳದೆ ಒಯ್ಯುತ್ತದೆ. ಕೊಳ್ಳುವಾಗ ಅಪ್ಪಟ ತಾಮ್ರದ್ದನ್ನೇ ಕೇಳಿರಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಕ್ಕುತ್ತದೆ, ಬೇಗ ಕೆಡುತ್ತದೆ. ಹಳೆಯ ಮನೆಗಳಲ್ಲಿ ಇಲಿಗಳ ಕಾಟವುಂಟಾದ್ದರಿಂದ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಯಿಸುವುದು ಉತ್ತಮ; ವಿದ್ಯುತ್ತಿನ ತಂತಿಯಿರುವ ಕೊಳವೆಯಲ್ಲಿ ಮಾತ್ರ ಬೇಡ. ತಂತಿಯ ಆ ತುದಿಗೆ ಎರಡನೆಯದೊಂದು ಡಬ್ಬಿಯನ್ನು ಕೂಡಿಸಿದೆವು.

ಇಲ್ಲಿ ಒಂದು ಎಡವಟ್ಟಾಯಿತು. ಎರಡನೆಯ ಡಬ್ಬಿಯೂ ತಾನೇ ಯಜಮಾನನೆಂದು ತಿಳಿದು ಬೇರೆ ಒಳವಿಳಾಸಗಳನ್ನು ಹಂಚತೊಡಗಿತು. ಪಾಠವೇನೋ ಬಂದಿತು; ಆದರೆ ಹುಡುಗಿಯ ಯಂತ್ರಕ್ಕೆ ಪಡಸಾಲೆಯ ಮುದ್ರಣಯಂತ್ರವು ಕಾಣದೆ ಹೋಯಿತು. ಡಬ್ಬಿಯ ತಳದಲ್ಲಿ ಅಚ್ಚಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕು, ಅದನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಗೆ ತಿರುಗಿಸಿದ ಮೇಲೆ, ವಿಳಾಸ ಹಂಚುವ ಅಧಿಕಾರವು ಮೊದಲನೆಯದರಲ್ಲಿಯೇ ನಿಂತಿತು. ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದವನ್ನು ಕೊಟ್ಟರೆ, ದೂರವಾಣಿಯನ್ನು ಹಿಡಿದು ಮನೆಯಲ್ಲಿ ಓಡಾಡುವಾಗ ಅದು ತಾನಾಗಿಯೇ ಹತ್ತಿರದ್ದನ್ನು ಹಿಡಿಯುತ್ತದೆ.

ಗುಪ್ತಪದದ ವಿಷಯದಲ್ಲಿ ಉದಾಸೀನ ಸಲ್ಲದು. 2008ರ ಜುಲೈ ತಿಂಗಳಲ್ಲಿ ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದಾಗ, ಅದಕ್ಕೆ ಸ್ವಲ್ಪ ಮುಂಚೆ ಹೊರಟ ಬೆದರಿಕೆಯ ಮಿಂಚಂಚೆಯ ಜಾಡನ್ನು ಪೊಲೀಸರು ಹಿಡಿದುಹೋದರು. ಅದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಗೃಹಸ್ಥನೊಬ್ಬನ ಮನೆಗೆ ಮುಟ್ಟಿತು. ಆತನ ನಿಸ್ತಂತು ಜಾಲಕ್ಕೆ ಬೀಗವಿರಲಿಲ್ಲ. ಯಾರೋ ಅದನ್ನು ಬಳಸಿಕೊಂಡಿದ್ದರು. ನಿರಪರಾಧಿಯಾದ ಆತನು ವಿಚಾರಣೆಗಳನ್ನು ಎದುರಿಸಬೇಕಾಯಿತು. ಮನೆಯ ಒಂದೇ ವಿಳಾಸವನ್ನು ಎಲ್ಲರೂ ಹಂಚಿಕೊಳ್ಳುವುದೆಂದು ಮೇಲೆ ಹೇಳಿದೆನಷ್ಟೆ. ಹೊರಗಿನವನು ಮಾಡಿದ ಕಾರ್ಯಕ್ಕೂ ಆ ವಿಳಾಸವೇ ಸಾಕ್ಷಿಯಾಗಿ ನಿಲ್ಲುತ್ತದೆ.

ಬೀಗಗಳಲ್ಲಿ ವೆಪ್ ಎಂಬ ಹಳೆಯದು 2001ರಲ್ಲಿಯೇ ಮುರಿದುಹೋಯಿತು. 2004ರ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬುದನ್ನು ಆರಿಸತಕ್ಕದ್ದು. ಗುಪ್ತಪದವು ಎಂಟು ಅಕ್ಷರಗಳಿಗೆ ಕಡಿಮೆಯಿರಕೂಡದು, ಅರುವತ್ತಮೂರರವರೆಗೆ ಇರಬಹುದು. ಪ್ರಸಿದ್ಧವಾದ ಒಂದು ಶ್ಲೋಕದ ಪಾದವನ್ನು ಇಡಬೇಕೆಂದು ನಾನು ಹೊರಟಿದ್ದೆನು. "ಹಾಗಾದರೆ ನಿಮ್ಮ ಶಿಷ್ಯರೆಲ್ಲ ಬಾಗಿಲು ತೆಗೆದಾರು" ಎಂದು ನನ್ನ ಹೆಂಡತಿಯು ನಕ್ಕು, ಒಂದಕ್ಕೊಂದು ಸಂಬಂಧವಿಲ್ಲದ ಐದು ಅಡಿಗೆಮನೆಯ ಪದಾರ್ಥಗಳನ್ನು ಜೋಡಿಸಿಕೊಟ್ಟಳು. ಅದು ಅವಳಿಗೆ ಮರೆಯುವುದಿಲ್ಲ, ಹೊರಗಿನವರಿಗೆ ಹೊಳೆಯುವುದಿಲ್ಲ. ಡಬ್ಬಿಯ ಒಳಹೊಗುವುದಕ್ಕೆ ಬೇರೊಂದು ಗುಪ್ತಪದವಿರುತ್ತದೆ. ಕಾರ್ಖಾನೆಯಿಂದ ಬಂದದ್ದನ್ನು ಹಾಗೆಯೇ ಬಿಡದೆ ಅದನ್ನೂ ಬದಲಾಯಿಸಿರಿ. ನೆಂಟರಿಷ್ಟರು ಬಂದಾಗ ಕೇಳಿದರೆ ಇಲ್ಲವೆನ್ನಲಾಗದಷ್ಟೆ. ಅವರಿಗಾಗಿ ಅತಿಥಿಜಾಲವೆಂಬ ಬೇರೆ ಬಾಗಿಲನ್ನು ಅನೇಕ ಡಬ್ಬಿಗಳಲ್ಲಿಯೇ ತೆರೆಯಬಹುದು.

ಕರೆಂಟು ಹೋದಾಗ ಡಬ್ಬಿಯೂ ಮಲಗುತ್ತದೆಂಬುದೊಂದು ಬಾಕಿ. ಇದಕ್ಕೆಂದೇ ಸಣ್ಣ ಬ್ಯಾಟರಿಗಳು ದೊರೆಯುತ್ತವೆ. ಡಬ್ಬಿಯ ಮೇಲೆ ಬರೆದಿರುವ ವೋಲ್ಟು, ಆಂಪಿಯರುಗಳಿಗೆ ಹೊಂದುವುದನ್ನು ನೋಡಿ ತರಬೇಕು.

ತಂತಿ, ಕೊಳವೆ, ಎರಡನೆಯ ಡಬ್ಬಿ, ಕೂಲಿ ಎಲ್ಲ ಸೇರಿ ನಮಗೆ ಬಿದ್ದ ಖರ್ಚು ನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಕೆಲಸ ಮುಗಿದ ರಾತ್ರಿ ಹಿಂದಿನ ಕೋಣೆಯಲ್ಲಿ ಅಳೆದಾಗ 88 ಬಂದಿತು. ಎಲ್ಲರ ಎದುರಿಗೆ ಅಂದ ಮಾತನ್ನು ಎಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು, ಊಟಕ್ಕೆ ಕುಳಿತಾಗ, ತಪ್ಪು ನನ್ನದೆಂದು ಹೇಳಿದೆನು. "ಬಿಡಿ ಮಾವ, ಮಜ್ಜಿಗೆ ಹಾಕಲೆ?" ಎಂದಳು. ಹಿತ್ತಿಲಿನ ಒರಳುಕಲ್ಲನ್ನು ನನ್ನ ಹೆಂಡತಿಯು ಮತ್ತೆ ರುಬ್ಬುವುದಕ್ಕೆ ತೆಗೆದುಕೊಂಡಿದ್ದಾಳೆ. ಮುಂದಿನ ಜಗಲಿಯಲ್ಲಿ ಕುಳಿತರೆ ವೇಗವು ಸಾಲದೆಂದು ಈಗ ಮಗನು ಗೊಣಗುತ್ತಾನೆ. ಪಡಸಾಲೆಗೆ ಬಂದು ಕುಳಿತುಕೋ ಎಂದಿದ್ದೇನೆ.